ಬೆನ್ನಿನೊಳಗೆ ಉಳಿದ ಅಧ್ಯಾಯ

ಸೂಜಿ ಎಂಬ ಹೆಸರನ್ನು ಅವಳಿಗೆ ಯಾರಿಟ್ಟರು ಎಂದು ಕೇಳಿದರೆ ಮನೆಯವರೆಲ್ಲ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಿದ್ದರು. ಸಣಕಲು ಮೈಗೆ ಬಂದ ಹೆಸರು ಎಂದು ಅಪ್ಪ, ಚುಚ್ಚುಮಾತಿಗೆ ಬಂದದ್ದು ಎಂದು ಅಮ್ಮ. ದಿನವಿಡೀ ಸೂಜಿ ಹಿಡಿದು ಪುಸ್ತಕ ಹೊಲಿಯುವವಳನ್ನು ಮತ್ತೇನೆಂದು ಕರೆಯಬೇಕು ಎಂದು ಕೇಳಿ ಅವಳೇ ಆ ವಾದವನ್ನು ಮುಗಿಸುತ್ತಿದ್ದಳು. ಮನೆಯ ಕೆಳಗಿನ ಎರಡು ಕೋಣೆಗಳು ತಾತನ ಕಾಲದ ಬೈಂಡಿಂಗ್ ಅಂಗಡಿ. ಹಿಂದಿನ ಕೋಣೆಯಲ್ಲಿ ಅಪ್ಪ ಮತ್ತು ಅವನ ಕಾಗದ ಕತ್ತರಿಸುವ ಯಂತ್ರ. ಕಷ್ಟದ ಪ್ರಶ್ನೆ ಯಾವುದು ಬಂದರೂ ಅಪ್ಪ ಯಂತ್ರದ ಹಿಡಿ ಎಳೆದು, ಆ ಸದ್ದಿನಲ್ಲಿ ಉತ್ತರ ತಪ್ಪಿಸಿಕೊಳ್ಳುತ್ತಿದ್ದ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅಪ್ಪನ ಅಕ್ಕ, ಎಪ್ಪತ್ತಮೂರರ ದೊಡ್ಡತ್ತೆ. ಮದುವೆಯಾಗಿರಲಿಲ್ಲ, ಏಕೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳೆದುರಿಗೆ ಸೂಜಿ, ವಯಸ್ಸು ಇಪ್ಪತ್ತೊಂಬತ್ತು.

ಆ ವಾರ ಸೂಜಿಯ ತಲೆಯನ್ನು ಭಾನುವಾರವೊಂದೇ ಕೊರೆಯುತ್ತಿತ್ತು. ಭಾನುವಾರ, ಅವಳನ್ನು ಮದುವೆಗೆ ಕೇಳಿದ್ದ ಸರ್ವೆಯರ್ ಮನೆಯವರಿಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹಿಂದೆ ಬಂದ ಇಬ್ಬರನ್ನು ಸಾಗಹಾಕುವುದು ಸುಲಭವಾಗಿತ್ತು. ಒಬ್ಬ ಕೂತಷ್ಟು ಹೊತ್ತೂ ತನ್ನ ಬಗ್ಗೆಯೇ ಕೊಚ್ಚಿಕೊಂಡಿದ್ದ, ಇನ್ನೊಬ್ಬ ಅಪ್ಪನ ನಂತರ ಯಂತ್ರ ಯಾರಿಗೆ ಎಂದು ವಿಚಾರಿಸಿದ್ದ. ಈ ಸರ್ವೆಯರ್ ಹಾಗಲ್ಲ. ಮಾತಿನ ಮಧ್ಯೆ ಬಾಯಿ ಹಾಕುವವನಲ್ಲ, ಕಿತ್ತುಹೋದ ಚಪ್ಪಲಿಯನ್ನು ತಾನೇ ಹೊಲಿದುಕೊಳ್ಳುವವನು, ನಗಿಸಬಲ್ಲವನು. ಎರಡು ವರ್ಷಕ್ಕೊಮ್ಮೆ ವರ್ಗವಾಗುವ ಕೆಲಸ, ಅಷ್ಟೇ. ಅವನ ಜೊತೆ ಹೊರಟರೆ ಈ ಕಿಟಕಿ, ಈ ಮೇಜು, ಈ ಕೆಲಸ ಇಲ್ಲಿಯೇ ಉಳಿಯುತ್ತವೆ.

"ಅವನಲ್ಲಿ ಒಂದು ಕೊರತೆ ಹೇಳು. ಒಂದೇ ಒಂದು," ಎಂದು ಅಮ್ಮ ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು ಬಂದು ಕೇಳುತ್ತಿದ್ದಳು. "ಹೇಳಿದ್ರೆ ನಾನೇ ಹೋಗಿ ಬೇಡ ಅಂತ ಹೇಳಿ ಬರ್ತೀನಿ."

ಸೂಜಿ ಎಷ್ಟು ಹುಡುಕಿದರೂ ಒಂದು ಕೊರತೆ ಸಿಗಲಿಲ್ಲ. ಒಪ್ಪಿಕೊಳ್ಳುವ ಮನಸ್ಸೂ ಬರಲಿಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಸೋಮವಾರ ಲೈಬ್ರರಿಯಿಂದ ಎರಡು ಪೆಟ್ಟಿಗೆ ತುಂಬ ಹರಿದ ಪುಸ್ತಕಗಳು ಬಂದವು. ಅವುಗಳಲ್ಲಿ ಹನ್ನೊಂದು ಒಂದೇ ಕಾದಂಬರಿಯ ಮೊದಲ ಮುದ್ರಣದ ಪ್ರತಿಗಳು. ಗಡಿಯಾರದ ಹುಡುಗಿಯ ಕಥೆ ಎಂದರೆ ಸಾಕು, ಓದದವರೂ ಓದಿದ್ದೇನೆ ಎನ್ನುವಂಥ ಪುಸ್ತಕ ಅದು. ಗಡಿಯಾರ ಗೋಪುರಕ್ಕೆ ಕೀಲಿ ಕೊಡುತ್ತಿದ್ದ ತಂದೆ ತೀರಿಕೊಂಡ ಮೇಲೆ ಮಗಳು ಆ ಕೆಲಸ ಹಿಡಿಯುತ್ತಾಳೆ. ಮದುವೆ ಮಾಡಿಕೋ ಎಂದು ಊರೆಲ್ಲ ಅವಳ ಬೆನ್ನು ಬೀಳುತ್ತದೆ. ಒಬ್ಬ ವಕೀಲನನ್ನು ಬೇಡ ಎನ್ನುತ್ತಾಳೆ, ಒಬ್ಬ ವ್ಯಾಪಾರಿಯನ್ನು ಬೇಡ ಎನ್ನುತ್ತಾಳೆ, ಚಿಕ್ಕಪ್ಪನ ಬೆದರಿಕೆಗೂ ಜಗ್ಗುವುದಿಲ್ಲ. ಹೀಗೆ ಮೂವತ್ತು ಅಧ್ಯಾಯ ಅಲುಗದೆ ನಿಂತವಳು, ಮೂವತ್ತೊಂದರಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರು ಮನೆಗೆ ಬಂದು ಕೇಳಿದ ಕೂಡಲೇ ಎರಡೂವರೆ ಪುಟದಲ್ಲಿ 'ಆಗಲಿ' ಎಂದು, ಗೋಪುರದ ಬೀಗದಕೈಯನ್ನು ಇನ್ಯಾರಿಗೋ ಒಪ್ಪಿಸಿ, ಗಾಡಿ ಹತ್ತಿಬಿಡುತ್ತಾಳೆ. ಮದುವೆಯಾಗುವ ಹುಡುಗಿಯರಿಗೆ ಉಡುಗೊರೆ ಕೊಡಲು ಜನ ಈ ಪುಸ್ತಕವನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ನಾಯಕಿ ಕೊನೆಯಲ್ಲಿ ಏಕೆ ಒಪ್ಪಿದಳು ಎಂಬುದು ಶಾಲೆಯಲ್ಲಿ ಐದು ಅಂಕದ ಪ್ರಶ್ನೆ. ಸೂಜಿ ಆ ಕಾಲದಲ್ಲಿ 'ಬರೆದವರಿಗೆ ಸುಸ್ತಾಗಿರಬೇಕು' ಎಂದು ಒಂದೇ ಸಾಲು ಬರೆದು ಸೊನ್ನೆ ತೆಗೆದುಕೊಂಡಿದ್ದಳು.

ಮಂಗಳವಾರ ಬೆಳಿಗ್ಗೆ ಅವಳು ಮೊದಲ ಪ್ರತಿಯ ರಟ್ಟು ಬಿಚ್ಚಿದಳು. ಹೊಲಿದ ಪುಸ್ತಕದ ಬೆನ್ನು ಗಟ್ಟಿಯಾಗಲಿ ಎಂದು ಅದರ ಮೇಲೊಂದು ಕಾಗದದ ಪಟ್ಟಿ ಅಂಟಿಸಿ, ಆಮೇಲೆ ರಟ್ಟು ಹಾಕುತ್ತಾರೆ. ಹೊರಗೆ ಕಾಣದ ಕಾಗದ, ಆದ್ದರಿಂದ ರದ್ದಿಯಲ್ಲಿ ಯಾವುದು ಸಿಕ್ಕರೂ ನಡೆಯುತ್ತದೆ. ಹಳೆಯ ಪುಸ್ತಕ ಬಿಚ್ಚುವಾಗ ರೈಲಿನ ವೇಳಾಪಟ್ಟಿ, ಔಷಧದ ಜಾಹೀರಾತು, ಯಾರದೋ ಮದುವೆಯ ಕರೆಯೋಲೆ ಎಲ್ಲ ಹೊರಬರುತ್ತವೆ. ಅವನ್ನು ಓದದೆ ಎಸೆಯುವುದು ಸೂಜಿಯ ಜಾಯಮಾನದಲ್ಲೇ ಇರಲಿಲ್ಲ. ಒದ್ದೆ ಬಟ್ಟೆ ಒತ್ತಿ, ಹತ್ತು ನಿಮಿಷ ಕಾದು, ಮೊಂಡು ಚಾಕುವಿನಿಂದ ಪಟ್ಟಿಯನ್ನು ಎಬ್ಬಿಸಿದಳು. ಮೂರು ಬೆರಳು ಅಗಲ, ಎಂಟು ಸಾಲು. 'ಮೇಷ್ಟ್ರು ಕೊಡೆ ಮಡಿಚಿ ಗೋಪುರದ ಮೆಟ್ಟಿಲ ಮೇಲೆ ಕುಳಿತರು. ನೂರಾಹತ್ತು ಮೆಟ್ಟಿಲು ಹತ್ತಿ ಬಂದದ್ದಕ್ಕೆ ಅವರಿಗೆ ಏದುಸಿರು ಬಂದಿತ್ತು' ಎಂದಿತ್ತು ಅದರಲ್ಲಿ.

ಸೂಜಿ ಕಣ್ಣು ಕಿರಿದು ಮಾಡಿದಳು. ಕಾದಂಬರಿಯಲ್ಲಿ ಮೇಷ್ಟ್ರು ಗೋಪುರ ಹತ್ತುವುದೇ ಇಲ್ಲವಲ್ಲ! ಪುಟ ತಿರುವಿ ನೋಡಿದಳು. ಇಲ್ಲ. ಅಲ್ಲಿ ಮನೆಯ ಹಜಾರ, ಕುರ್ಚಿ, ತಾಯಿಯ ಕಣ್ಣೀರು. ಕೊಡೆಯ ಸುದ್ದಿಯೇ ಇಲ್ಲ.

ಎರಡನೆಯ ಪ್ರತಿಯ ಬೆನ್ನಿನಲ್ಲಿ ಇನ್ನೆಂಟು ಸಾಲು ಸಿಕ್ಕವು. ಅಕ್ಷರ ಅದೇ, ಕಾಗದವೂ ಅದೇ. ಒಂದು ಬದಿಗೆ ಮಾತ್ರ ಅಚ್ಚು, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಮಾಡಿದ ಗುರುತುಗಳು. ಅಷ್ಟರ ಮೇಲೆ ಸೂಜಿಗೆ ಬೇರೆ ಯಾವ ಕೆಲಸವೂ ಕಾಣಲಿಲ್ಲ. ಬೀಜದಂಗಡಿಯವನು ಬಂದು ತನ್ನ ರಸೀದಿ ಪುಸ್ತಕಗಳು ಎಲ್ಲಿ ಎಂದು ಕೇಳಿದರೆ "ನಾಳೆ" ಎಂದಳು. ಮರುದಿನವೂ "ನಾಳೆ" ಎಂದಳು. ಒಂದೊಂದೇ ಪ್ರತಿ ಬಿಚ್ಚಿ, ಪಟ್ಟಿಯನ್ನು ಗಾಜಿನ ಹಲಗೆಯ ಮೇಲೆ ಒಣಗಿಸಿ, ಹಿಂದು ಮುಂದು ಮಾಡಿ ಜೋಡಿಸುತ್ತ ಹೋದಳು. ದೊಡ್ಡತ್ತೆ ಎದುರಿಗೆ ಕೂತು ಹೊಲಿಯುತ್ತಿದ್ದವಳು ಆಗಾಗ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಪಟ್ಟಿಗಳೂ ಸಾಲಾಗಿ ಕೂತವು. ಅದು ಮೂವತ್ತೊಂದನೆಯ ಅಧ್ಯಾಯವೇ, ಆದರೆ ಬೇರೆಯದು. ಮೇಷ್ಟ್ರು ಗೋಪುರ ಹತ್ತಿ ಬರುತ್ತಾರೆ. ಹುಡುಗಿ ಹಲ್ಲುಗಾಲಿಗಳಿಗೆ ಎಣ್ಣೆ ಬಿಡುತ್ತಿರುತ್ತಾಳೆ. ಇಬ್ಬರೂ ಊರು, ಗಾಳಿ, ಪಾರಿವಾಳಗಳ ಕಾಟ ಎಲ್ಲ ಮಾತಾಡಿ ನಗುತ್ತಾರೆ. ಅವಳಿಗೆ ಅವರು ಇಷ್ಟ ಎಂಬುದು ಓದಿದವರಿಗೆಲ್ಲ ತಿಳಿಯುತ್ತದೆ. ಒಂಬತ್ತನೆಯ ಪಟ್ಟಿಗೆ ಬಂದಾಗ ಸೂಜಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

'"ನನ್ನಲ್ಲಿ ಏನು ದೋಷ ಕಂಡಿರಿ?" ಎಂದು ಮೇಷ್ಟ್ರು ಕೇಳಿದರು. "ಏನೂ ಇಲ್ಲ. ಬೇಡವೆನ್ನಲು ನಿಮ್ಮಲ್ಲಿ ದೋಷವಿರಲೇಬೇಕೆ? ನನಗೆ ಈ ಬದುಕು ಬಿಟ್ಟುಬರುವ ಮನಸ್ಸಿಲ್ಲ. ಅಷ್ಟು ಸಾಲದೆ?" ಎಂದಳು.'

ಆ ಸಾಲುಗಳನ್ನು ಅವಳು ನಾಲ್ಕು ಸಲ ಓದಿದಳು. ಇಡೀ ವಾರ ಅಮ್ಮನಿಗೆ ಹೇಳಲು ಹುಡುಕುತ್ತಿದ್ದ ಮಾತು ಯಾರದೋ ಪುಸ್ತಕದ ಬೆನ್ನಿನಲ್ಲಿ ಅಂಟಿಕೊಂಡು ಕೂತಿತ್ತು. ಸಂತೋಷಕ್ಕೆ ಅಳು ಬರುವ ಹಾಗಾಯಿತು. ಆದರೆ ಹನ್ನೊಂದನೆಯ ಪಟ್ಟಿಯ ಕೊನೆಯ ಸಾಲು ಅವಳನ್ನು ಅಲ್ಲಾಡಿಸಿಬಿಟ್ಟಿತು. 'ಮೇಷ್ಟ್ರು ಇಳಿದುಹೋದರು. ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೆ ಆಗ ತಿಳಿಯಲಿಲ್ಲ. ತಿಳಿದದ್ದು ಮರುದಿನ ಬೆಳಿಗ್ಗೆ.' ಅಲ್ಲಿಗೆ ಕಾಗದ ತುಂಡಾಗಿತ್ತು.

"ಅಯ್ಯೋ!" ಎಂದು ಸೂಜಿ ಎಷ್ಟು ಜೋರಾಗಿ ಕೂಗಿದಳೆಂದರೆ ಹಿಂದಿನ ಕೋಣೆಯಲ್ಲಿ ಯಂತ್ರ ನಿಂತಿತು.

ಅವಳು ಲೈಬ್ರರಿ ಮೇಡಂಗೆ ಫೋನ್ ಮಾಡಿದಳು. ಇನ್ನೊಂದು ಪ್ರತಿ ಇರಲೇಬೇಕು, ದಯವಿಟ್ಟು ಹುಡುಕಿ ಎಂದು ಗೋಗರೆದಳು. ಮೇಡಂ ಹಳೆಯ ರಿಜಿಸ್ಟರ್ ತೆಗೆದು, ಧೂಳಿಗೆ ನಾಲ್ಕು ಸಲ ಸೀನಿ, ಓದಿ ಹೇಳಿದರು: "ಹನ್ನೆರಡು ಪ್ರತಿಗೆ ಬರೆದಿದ್ವಂತೆ. ಬಂದಿದ್ದು ಹನ್ನೊಂದು. ಒಂದು ಬೈಂಡಿಂಗಲ್ಲಿ ಕೆಟ್ಟುಹೋಯ್ತು ಅಂತ ಬರ್ದಿದೆ. ಕಟ್ಟಿದ್ದು ನಿಮ್ಮ ಅಂಗಡೀನೇ ಅಲ್ವಾ?"

ಸೂಜಿ ಫೋನ್ ಇಟ್ಟು ತಿರುಗಿದಳು. ದೊಡ್ಡತ್ತೆ ದಾರ ಕಡಿದು, ಹೊಲಿಗೆಯ ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿ, ಕೈ ಕಟ್ಟಿ ಕೂತಿದ್ದಳು.

"ಮಂಗಳವಾರಾನೇ ಗುರುತು ಸಿಕ್ತು ನಂಗೆ," ಎಂದಳು. "ಎಷ್ಟು ದೂರ ಹೋಗ್ತೀಯೋ ನೋಡೋಣ ಅಂತ ಸುಮ್ನಿದ್ದೆ."

"ಇದನ್ನ ಅಂಟಿಸಿದ್ದು ನೀನೇನಾ?"

"ಮತ್ತೆ? ನಂಗಾಗ ಹತ್ತೊಂಬತ್ತು."

ಸೂಜಿ ಅವಳ ಪಕ್ಕಕ್ಕೆ ಓಡಿ ಬಂದಳು. "ದೊಡ್ಡತ್ತೆ! ಎಲ್ರ ಕಣ್ಣಿಗೂ ಮಣ್ಣೆರಚಿ ಆ ಅಧ್ಯಾಯಾನ ಉಳಿಸಿದ್ದೀಯ ನೀನು! ಮುಂದೆ ಯಾರಾದ್ರೂ ತೆಗೆದು ಓದ್ಲಿ ಅಂತ ಒಂದೊಂದು ಪುಸ್ತಕದಲ್ಲಿ ಬಚ್ಚಿಟ್ಟೆ, ಅಲ್ವಾ?"

ದೊಡ್ಡತ್ತೆ ನಕ್ಕಳು. ನಗು ಕೆಮ್ಮಾಯಿತು, ನೀರು ಕುಡಿಯಬೇಕಾಯಿತು. "ಬಚ್ಚಿಡೋದಾ? ನಿಮ್ಮ ತಾತ ಎಂಥಾ ಜುಗ್ಗ ಅಂತ ನಿಂಗೊತ್ತಿಲ್ಲ. ಬರೆದೋರು ಮೊದ್ಲು ಹೀಗೇ ಬರೆದಿದ್ರಂತೆ. ಇಂಥಾ ಪುಸ್ತಕಾನ ಯಾರು ತಾನೇ ಮಗಳ ಕೈಗೆ ಕೊಡ್ತಾರೆ, ಬದಲಾಯಿಸಿ ಅಂತ ಪ್ರೆಸ್ಸಿನ ಯಜಮಾನ ಪಟ್ಟು ಹಿಡಿದ. ಬದಲಾಯಿಸಿದ್ರು. ತಿದ್ದೋಕೆ ಅಂತ ಮೊದ್ಲು ಅಚ್ಚು ತೆಗೆದ ದೊಡ್ಡ ಹಾಳೆ ಒಂದೇ ಒಂದು ಉಳಿದಿತ್ತು. ಅದನ್ನ ಅಚ್ಚಾದ ಹಾಳೆಗಳ ಕಟ್ಟಿಗೆ ಸುತ್ತಿ ನಮ್ಮಲ್ಲಿಗೆ ಕಳಿಸಿದ್ರು. ಕಾಗದ ಗಟ್ಟಿ ಇದೆ, ಎಸೀಬೇಡ, ಬೆನ್ನಿಗೆ ಹಾಕು ಅಂತ ನಿಮ್ಮ ತಾತ ಅಂದ್ರು. ಹನ್ನೆರಡು ಪಟ್ಟಿ ಆಯ್ತು. ಮೊದ್ಲು ಕಟ್ಟಿದ ಹನ್ನೆರಡು ಪುಸ್ತಕ ಲೈಬ್ರರಿಗೆ ಅಂತ ಇದ್ವು. ಇಷ್ಟೇ ಕಥೆ."

ಸೂಜಿಗೆ ನಿರಾಸೆಯಾಯಿತು. ಅವಳು ಮನಸ್ಸಿನಲ್ಲೇ ಕಟ್ಟಿದ್ದ ದೊಡ್ಡ ಸಾಹಸ ತಾತನ ಜುಗ್ಗತನಕ್ಕೆ ಬಂದು ನಿಂತಿತ್ತು. "ಹನ್ನೆರಡನೇದು?" ಎಂದಳು.

ದೊಡ್ಡತ್ತೆ ಮೇಜಿನ ತುದಿಯತ್ತ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ, ಒಣಗುತ್ತಿದ್ದ ರಟ್ಟುಗಳ ಮೇಲೆ, ಕಂದು ಕಾಗದ ಸುತ್ತಿದ ಭಾರ ಕೂತಿತ್ತು. ಸೂಜಿ ಹುಟ್ಟಿದಾಗಿನಿಂದ ಅದು ಅಲ್ಲೇ ಇತ್ತು. ಒಳಗೆ ಇಟ್ಟಿಗೆ ಇದೆ ಎಂದು ಅವಳು ತಿಳಿದಿದ್ದಳು. ದಿನಕ್ಕೆ ಇಪ್ಪತ್ತು ಸಲ ಎತ್ತಿ ಇಟ್ಟಿದ್ದಳು. ಕಾಗದ ಬಿಡಿಸಿದರೆ ಅದೇ ಕಾದಂಬರಿ. ರಟ್ಟು ಮಾತ್ರ ತಲೆಕೆಳಗು: ಹೊರಗಿನ ಹೆಸರು ನೇರವಾಗಿ ಹಿಡಿದರೆ ಒಳಗಿನ ಅಕ್ಷರಗಳೆಲ್ಲ ಬುಡಮೇಲು.

"ಅವತ್ತು ಸಂಜೆ ನನ್ನನ್ನ ಕೇಳೋಕೆ ಬರೋರಿದ್ರು," ಎಂದಳು ದೊಡ್ಡತ್ತೆ. "ಹುಡುಗ ಕಂಪೌಂಡರ್. ಚೆನ್ನಾಗಿದ್ದ. ನಾನು ಬೆಳಿಗ್ಗೆಯಿಂದ ಅಂಟು ಹಚ್ಚೋದು, ಒಂದೊಂದೇ ಪಟ್ಟಿ ಓದೋದು, ಅಂಟಿಸೋದು. ಹನ್ನೊಂದಾಯ್ತು. ಹನ್ನೆರಡನೇದು ಕೈಗೆ ತಗೊಂಡೆ, ಅಪ್ಪ ಬಂದ್ಬಿಟ್ರು. ಗಾಬರಿಗೆ ಅಕ್ಷರ ಒಳಗಾಗಿ ಅಂಟಿಸಿಬಿಟ್ಟೆ. ಅದೇ ಗಾಬರೀಲಿ ರಟ್ಟೂ ಉಲ್ಟಾ ಹಾಕ್ದೆ. ಅಂಥಾ ತಪ್ಪು ಅದಕ್ಕೆ ಮುಂಚೇನೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಚೆನ್ನಾಗಿ ಬೈಸ್ಕೊಂಡೆ."

"ಸಂಜೆ?"

"ಸಂಜೆ ಬೇಡ ಅಂದೆ."

"ಕೊನೇ ಪಟ್ಟಿ ಓದದೇನೇ?"

"ಓದದೇನೇ."

"ಐವತ್ನಾಲ್ಕು ವರ್ಷ ದೊಡ್ಡತ್ತೆ! ಹತ್ತು ನಿಮಿಷದ ಕೆಲ್ಸ! ಒಂದ್ಸಲಾನೂ ತೆಗೆದು ನೋಡೋಣ ಅನ್ನಿಸ್ಲಿಲ್ವಾ?"

"ದಿನಾ ಅನ್ಸುತ್ತೆ." ದೊಡ್ಡತ್ತೆಯ ದನಿ ಸಣ್ಣದಾಯಿತು. "ತಪ್ಪು ಅಂತ ಇದ್ರೆ ನಾನೇನು ಮಾಡ್ಲಿ, ಹೇಳು. ಸರಿ ಅಂತ ಇದ್ರೆ, ಅವಳು ಹೇಳಿದ್ದಕ್ಕೆ ನಾನು ಮಾಡ್ದೆ ಅಂತಾಗುತ್ತೆ. ನನ್ನ ನಿರ್ಧಾರ ನಂದೇ ಆಗಿರ್ಲಿ ಅನ್ನಿಸ್ತು. ಆದ್ರೂ ಎಸೆಯೋಕೆ ಮನಸ್ಸು ಬರ್ಲಿಲ್ಲ ನೋಡು."

ಸೂಜಿ ಆಗಲೇ ಚಾಕು ಹಿಡಿದಿದ್ದಳು. ದೊಡ್ಡತ್ತೆ ಪುಸ್ತಕದ ಮೇಲೆ ಅಂಗೈ ಊರಿದಳು. "ನೀನು ಮೊದ್ಲು ನಿನ್ನ ಮಾತು ಹೇಳಿ ಬಾ. ಹೂಂ ಅನ್ನು, ಊಹೂಂ ಅನ್ನು, ನಂಗೆ ಎರಡೂ ಒಂದೇ. ಆಮೇಲೆ ತೆಗೆಯೋಣ. ನಂಗೂ ಕಾದು ಕಾದು ಸಾಕಾಯ್ತು."

ಶನಿವಾರ ಮಧ್ಯಾಹ್ನ ದೊಡ್ಡತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಅಪ್ಪ ಕಾಗದ ತರಲು ಹೋಗಿದ್ದ. ಸೂಜಿ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒದ್ದೆ ಬಟ್ಟೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ತೆಗೆದು, ಓದಿ, ಮತ್ತೆ ಅಂಟಿಸಿ ಒಣಗಿಸಿಟ್ಟರೆ ಯಾರಿಗೂ ತಿಳಿಯದು. ಅಷ್ಟು ಕೈಚಳಕ ಅವಳಿಗಿತ್ತು. ಒಳಗೆ ಏನಿರಬಹುದು? ಹುಡುಗಿ ಮರುದಿನ ಎದ್ದು ಗೋಳೋ ಎಂದು ಅತ್ತಳೆ? ಮೇಷ್ಟ್ರ ಹಿಂದೆ ಓಡಿದಳೆ? ಕುತೂಹಲಕ್ಕೆ ಬೆರಳ ತುದಿ ಕಡಿಯುತ್ತಿತ್ತು. ಅದರ ಜೊತೆಗೆ ಹೆದರಿಕೆಯೂ ಇತ್ತು. ಎಂಟು ಸಾಲಿನಲ್ಲಿ 'ತಪ್ಪು' ಎಂದಿದ್ದರೆ ತಾನು ಸರ್ವೆಯರನ್ನು ಒಪ್ಪುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ ಎನ್ನಿಸಿತು. ಒಪ್ಪದೆ, ಜೀವಮಾನವಿಡೀ ಆ ಎಂಟು ಸಾಲಿನ ಜೊತೆ ಜಗಳವಾಡುತ್ತೇನೆ ಎನ್ನಿಸಿತು. ಅಂದಮೇಲೆ ಇದನ್ನು ಕೇಳಿ ಆಗಬೇಕಾದದ್ದು ಏನು? ಅವಳು ಪುಸ್ತಕವನ್ನು ರಟ್ಟುಗಳ ಮೇಲಿಟ್ಟು, ಕೈ ತೊಳೆದು, ಹೊರಬಿದ್ದಳು.

ಸರ್ವೆ ಕಚೇರಿಯಲ್ಲಿ ಅವನೊಬ್ಬನೇ ಇದ್ದ. ಉದ್ದನೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಬಿಡಿಸಿ, ಅದು ಸುರುಳಿಯಾಗದಂತೆ ನಾಲ್ಕು ಮೂಲೆಗೂ ಏನೇನೋ ಹೇರುತ್ತಿದ್ದ: ಶಾಯಿ ಬಾಟಲಿ, ಬೀಗ, ಊಟದ ಡಬ್ಬಿ. ನಾಲ್ಕನೆಯ ಮೂಲೆಯನ್ನು ಸೂಜಿ ಅಂಗೈಯಲ್ಲಿ ಒತ್ತಿ ಹಿಡಿದಳು.

"ಉತ್ತರ ನಾಳೆ ಅಲ್ವಾ?" ಎಂದ ಅವನು.

"ನಾಳೆ ಎಲ್ರೂ ಇರ್ತಾರೆ. ನಿಮಗೆ ನಾನೇ ಹೇಳ್ಬೇಕು ಅನ್ನಿಸ್ತು. ನಂಗೆ ಬೇಡ."

ಅವನು ಊಟದ ಡಬ್ಬಿಯನ್ನು ಸರಿಸಿ ಮತ್ತೆ ಅಲ್ಲೇ ಇಟ್ಟ. ಕಿವಿ ಕೆಂಪಾಗಿತ್ತು. "ನನ್ನಲ್ಲಿ ಏನಾದ್ರೂ..."

"ಏನೂ ಇಲ್ಲ. ಹುಡುಕಿ ಸಾಕಾಯ್ತು. ನಂಗೆ ನನ್ನ ಅಂಗಡಿ ಬಿಟ್ಟು ಬರೋಕೆ ಇಷ್ಟ ಇಲ್ಲ. ನಿಮ್ಮನ್ನ ಕೆಲ್ಸ ಬಿಡಿ ಅನ್ನೋಕೂ ಇಷ್ಟ ಇಲ್ಲ."

"ಹುಡುಕಿದ್ರಾ?" ಎಂದ ಅವನು, ಮತ್ತು ನಗಬಾರದೆಂದುಕೊಂಡರೂ ನಕ್ಕುಬಿಟ್ಟ. "ನಮ್ಮಮ್ಮನ್ನ ಕೇಳಿದ್ರೆ ಉದ್ದ ಪಟ್ಟೀನೇ ಕೊಡ್ತಿದ್ರು."

ಅವನು ನಕ್ಕದ್ದು ಸೂಜಿಗೆ ಇನ್ನಷ್ಟು ಕಷ್ಟವಾಯಿತು. ಒಳ್ಳೆಯವನನ್ನು ನೋಯಿಸಿದೆ ಎಂಬ ಸಂಕಟ ದಾರಿಯುದ್ದಕ್ಕೂ ಅವಳ ಜೊತೆ ನಡೆದು ಬಂತು. ಮನೆಯಲ್ಲಿ ಅಮ್ಮ ಸುದ್ದಿ ಕೇಳಿ ಹಣೆ ಹಣೆ ಬಡಿದುಕೊಂಡಳು. ಇಡೀ ಓಣಿಗೆ ಕೇಳುವ ಹಾಗೆ ಕೂಗಾಡಿದಳು. ನನ್ನ ಹತ್ತಿರ ಮಾತಾಡಬೇಡ ಎಂದು ಬಾಗಿಲು ಹಾಕಿಕೊಂಡಳು. ಸೂಜಿ ಊಟ ಮಾಡದೆ ಮಲಗಿದಳು. ಅಪ್ಪ ಮಾತ್ರ ಬಾಗಿಲ ಬಳಿ ಎರಡು ಸಲ ಬಂದು ಹೋದ.

ಭಾನುವಾರ ಬೆಳಿಗ್ಗೆ ಸೂಜಿ ಕೆಳಗಿಳಿದು ಬಂದಾಗ ದೊಡ್ಡತ್ತೆ ಕಿಟಕಿ ತೆರೆದು, ನೀರು, ಬಟ್ಟೆ, ಚಾಕು ಎಲ್ಲ ಹೊಂದಿಸಿ ಕೂತಿದ್ದಳು. ಅಪ್ಪ ಯಂತ್ರದ ಕಡೆ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದ. ಸೂಜಿ ತಲೆಕೆಳಗಿನ ರಟ್ಟನ್ನು ಬಿಚ್ಚಿದಳು, ಬೆನ್ನಿಗೆ ಒದ್ದೆ ಬಟ್ಟೆ ಒತ್ತಿದಳು. ಹತ್ತು ನಿಮಿಷ ಮೂವರೂ ಗೋಡೆಯ ಗಡಿಯಾರ ನೋಡುತ್ತ ಕಾದರು. ಪಟ್ಟಿ ನಿಧಾನವಾಗಿ ಎದ್ದಿತು. ಅಲ್ಲಲ್ಲಿ ಚೂರು ಅಂಟು ಉಳಿದಿತ್ತು, ಅಕ್ಷರ ಕೆಟ್ಟಿರಲಿಲ್ಲ.

"ಓದು," ಎಂದಳು ದೊಡ್ಡತ್ತೆ. ಅವಳ ಎರಡು ಕೈಗಳೂ ಸೆರಗನ್ನು ಹಿಂಡುತ್ತಿದ್ದವು.

ಸೂಜಿ ಓದಿದಳು. 'ಎದ್ದಾಗ ಬಿಸಿಲು ಬಂದಿತ್ತು. ಅವಳಿಗೆ ಬಹಳ ಹಸಿವಾಗಿತ್ತು. ರಾತ್ರಿ ಉಳಿದದ್ದನ್ನು ಬಿಸಿಮಾಡಿ ತಿಂದಳು. ಇನ್ನೂ ಬೇಕೆನಿಸಿ ಪಾತ್ರೆಯ ತಳ ಕೆರೆದಳು. ಆಮೇಲೆ ಗೋಪುರ ಹತ್ತಿದಳು. ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಮುಳ್ಳು ಸರಿಪಡಿಸಿ, ಕೀಲಿ ಕೊಟ್ಟು, ಎಣ್ಣೆಯ ಡಬ್ಬಿ ಎತ್ತಿಕೊಂಡಳು.'

ಕೆಳಗೆ ಒಂದು ಅಡ್ಡಗೆರೆ ಇತ್ತು. ಅಷ್ಟೇ.

"ಇಷ್ಟೇನಾ?" ಎಂದ ಅಪ್ಪ.

ದೊಡ್ಡತ್ತೆ ಪಟ್ಟಿಯನ್ನು ಇಸಿದುಕೊಂಡು, ಕನ್ನಡಕ ಒರೆಸಿ, ತಾನೇ ಒಮ್ಮೆ ಓದಿದಳು. ಅಳುತ್ತಾಳೇನೋ ಎಂದು ಸೂಜಿ ಹೆದರಿ ಅವಳ ಭುಜ ಹಿಡಿದಳು.

"ನಂಗೂ ಹಸಿವಾಗಿತ್ತು," ಎಂದಳು ದೊಡ್ಡತ್ತೆ. "ಮಾರನೇ ದಿನ ಬೆಳಿಗ್ಗೆ. ಅಪ್ಪ ಮಾತು ಬಿಟ್ಟಿದ್ರು, ಅಮ್ಮ ಅಳ್ತಾ ಕೂತಿದ್ರು. ನಂಗೆ ನೋಡಿದ್ರೆ ಹೊಟ್ಟೆ ಚುರುಗುಟ್ತಾ ಇತ್ತು. ಯಾರಿಗೂ ಕಾಣದ ಹಾಗೆ ಅಡುಗೆಮನೇಲಿ ನಿಂತು ಹೊಟ್ಟೆ ತುಂಬಾ ತಿಂದೆ. ಮನೇಲಿ ಅಷ್ಟು ದೊಡ್ಡ ರಂಪ ಆಗಿರೋವಾಗ ಹೇಗೆ ತಿನ್ನೋಕಾಯ್ತು ನಂಗೆ, ನಾನೆಂಥಾ ಕಲ್ಲು ಮನಸ್ಸಿನೋಳು ಅಂತ ಇವತ್ತಿನವರೆಗೂ ನಾಚಿಕೆ. ಯಾರ ಹತ್ರಾನೂ ಹೇಳಿರ್ಲಿಲ್ಲ."

ಅವಳ ಕೆನ್ನೆ ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. ಅಪ್ಪ ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಸೂಜಿ ಮಾತ್ರ ತಲೆ ತಗ್ಗಿಸಿ ಚಾಕುವಿಗೆ ಅಂಟಿದ್ದ ಅಂಟನ್ನು ಬಹಳ ಶ್ರದ್ಧೆಯಿಂದ ಕೆರೆಯುತ್ತಿದ್ದಳು. ಅವಳ ಮುಖ ಕಿವಿಯವರೆಗೂ ಕೆಂಪಾಗಿತ್ತು.

ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ನಿನ್ನೆ ಸಂಜೆಯಿಂದ ಯಾರೊಂದಿಗೂ ತುಟಿ ಬಿಚ್ಚದಿದ್ದ ಅಮ್ಮ ಖಾಲಿ ಪಾತ್ರೆಯೊಂದನ್ನು ಹಿಡಿದು ಬಾಗಿಲಲ್ಲಿ ಬಂದು ನಿಂತಳು.

"ರಾತ್ರಿ ಮಿಕ್ಕಿದ್ದನ್ನ ಬೆಳಗ್ಗೆ ಎಲ್ರಿಗೂ ಆಗುತ್ತೆ ಅಂತ ಇಟ್ಟಿದ್ದೆ," ಎಂದಳು. "ಒಂದು ಅಗುಳೂ ಬಿಡದ ಹಾಗೆ ತಳ ಕೆರೆದು ಇಟ್ಟಿರೋದು ಯಾರು?"

ದೊಡ್ಡತ್ತೆ ಪಟ್ಟಿಯಿಂದ ತಲೆಯೆತ್ತಿ ಸೂಜಿಯನ್ನು ನೋಡಿದಳು. ಸೂಜಿ ಚಾಕು ಕೆಳಗಿಟ್ಟು, ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು.